ಸೊನ್ನೆಗೆ ಸಮಜಾಯಿಷಿ

ಮಾನ್ಯ ಆರೋಗ್ಯಾಧಿಕಾರಿಗಳಿಗೆ,

ಮೂರು ತಿಂಗಳಿಂದ ನನ್ನ ವಾರ್ಡಿನಲ್ಲಿ ಒಂದೂ ವಾಂತಿಭೇದಿ ಪ್ರಕರಣವಿಲ್ಲ, ಮನೆಭೇಟಿಗೆ ಹೋಗುತ್ತಿಲ್ಲವೇ ಎಂದು ಸಮಜಾಯಿಷಿ ಕೇಳಿದ್ದೀರಿ.

ದಿನವೂ ಹೋಗುತ್ತಿದ್ದೇನೆ. ಕಾಲಂ ಖಾಲಿ ಬಿಟ್ಟಿಲ್ಲ, ಸೊನ್ನೆ ಬರೆದಿದ್ದೇನೆ.

ಕಳೆದ ವರ್ಷದಿಂದ ಹಳೇ ಕ್ಯಾಲೆಂಡರಿನ ಹಿಂಬದಿಗೆ ನಮ್ಮ ಬೀದಿಗಳ ನಕ್ಷೆ ಬರೆದು, ಕಾಯಿಲೆ ಬಿದ್ದ ಮಕ್ಕಳ ಮನೆಗಳ ಮೇಲೆ ಕೆಂಪು ಚುಕ್ಕಿ ಇಡುತ್ತಾ ಬಂದೆ. ಚರಂಡಿಯೊಳಗೆ ಹಾದುಬರುವ ನೀರಿನ ಪೈಪಿನುದ್ದಕ್ಕೂ ಚುಕ್ಕಿಗಳು ಸಾಲುಗಟ್ಟಿದವು. ಆ ನಕ್ಷೆ ಹಿಡಿದು, ನಮ್ಮ ಬೀದಿಯಲ್ಲಿ ಬಟ್ಟೆ ಒಗೆಯುವ ಅಜ್ಜಿಯೊಬ್ಬರನ್ನೂ ಆ ಮಕ್ಕಳ ತಾಯಂದಿರನ್ನೂ ಕರೆದುಕೊಂಡು ನೀರು ಸರಬರಾಜಿನ ಇಂಜಿನಿಯರ್ ಸಾಹೇಬರ ಕಚೇರಿಗೆ ಹೋದೆ. ಅವರು ತಲೆಯೆತ್ತದೆ, "ದೂರು ಬರವಣಿಗೆಯಲ್ಲಿ ಕೊಡಿ" ಅಂದರು.

ಅಜ್ಜಿ ನಕ್ಷೆಯನ್ನು ಅವರ ಮೇಜಿನ ಮೇಲೆ ಹಾಸಿ, "ನಂಗೆ ಬರೆಯೋಕೆ ಬರಲ್ಲಪ್ಪ. ಒಂದೊಂದು ಚುಕ್ಕಿನೂ ಒಂದೊಂದು ಮಗು. ನೀನು ಎಣಿಸು, ನಾವು ಕೂತಿರ್ತೀವಿ" ಅಂದರು.

ಸಂಜೆಯವರೆಗೂ ಕೂತೆವು. ಎಂಟನೇ ದಿನಕ್ಕೆ ಹೊಸ ಪೈಪು ಚರಂಡಿ ಬಿಟ್ಟು ಗೋಡೆ ಹಿಡಿದು ಬಂತು. ಅದಾಗಿ ಮೂರು ತಿಂಗಳು, ಹೊಸ ಚುಕ್ಕಿ ಇಟ್ಟಿಲ್ಲ.

ನನ್ನಲ್ಲಿ ಉಳಿದಿರುವ ಎರಡು ಪೆಟ್ಟಿಗೆ ಓಆರ್‌ಎಸ್ ಪೊಟ್ಟಣಗಳನ್ನು ದಯವಿಟ್ಟು ಪಕ್ಕದ ವಾರ್ಡಿಗೆ ಕಳಿಸಿಕೊಡಿ. ಅಲ್ಲಿಯ ಪೈಪು ಇನ್ನೂ ಚರಂಡಿಯಲ್ಲೇ ಇದೆ. ಅದಕ್ಕಾಗಿಯೂ ಕಚೇರಿಗೆ ಬಂದು ಕೂರಲು ಅಜ್ಜಿ ತಯಾರಿದ್ದಾರೆ.

ಸೊನ್ನೆಯ ಮೇಲೆ ಇನ್ನೂ ಅನುಮಾನವಿದ್ದರೆ ತಾವೇ ಬನ್ನಿ. ಅಜ್ಜಿ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಕೊಡುತ್ತಾರೆ.

ತಮ್ಮ ವಿಧೇಯಳು,
ಏಳನೇ ವಾರ್ಡಿನ ನರ್ಸ್