ಇಪ್ಪತ್ತು ಎಂದು ನೀವು ಬರೆದ ಗಾಡಿಯೂ ಇಳಿದು ಹೋದ ನಮ್ಮಕ್ಕನೂ

ಹೊಸ ಕಾರುಗಳ ಮೈಲೇಜ್ ಪರೀಕ್ಷಿಸಿ ಮೊಹರು ಒತ್ತುವ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ, ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಎಂದು ನೀವು ಪ್ರಮಾಣಪತ್ರ ಕೊಟ್ಟ ಕಾರು ನಮ್ಮ ಮನೆಯಲ್ಲಿ ಹನ್ನೊಂದು ಕೊಡುತ್ತಿದೆ. ಉಳಿದ ಒಂಬತ್ತು ಎಲ್ಲಿ ಹೋಯಿತೆಂದು ಹುಡುಕುವ ಭರದಲ್ಲಿ ನಾನು ಮಗನನ್ನು ಬೈದೆ, ಸೊಸೆಯನ್ನು ಬೆವರಿಸಿದೆ, ಪೆಟ್ರೋಲ್ ಬಂಕಿನಲ್ಲಿ ನಗೆಪಾಟಲಿಗೀಡಾದೆ, ಕೊನೆಗೆ ಒಡಹುಟ್ಟಿದ ಅಕ್ಕನನ್ನೇ ಕಳೆದುಕೊಂಡು ಕೂತಿದ್ದೇನೆ. ಗಾಬರಿ ಬೇಡ, ಅಕ್ಕ ಬದುಕಿದ್ದಾಳೆ. ಮಂಡಿ ಎರಡನ್ನು ಬಿಟ್ಟರೆ ಕೋಗಿಲಿನ ತನ್ನ ಮನೆಯಲ್ಲಿ ಗಟ್ಟಿಮುಟ್ಟಾಗಿಯೇ ಇದ್ದಾಳೆ. ನನ್ನ ಕಾರನ್ನು ಮಾತ್ರ ಹತ್ತುವುದಿಲ್ಲ ಎನ್ನುತ್ತಾಳೆ.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಆದರೂ ಬೆಂಗಳೂರಿನ ಸಿಂಗಾಪುರದ ನಮ್ಮ ಮನೆಯಲ್ಲಿ ಕೊನೆಯ ಮಾತು ನನ್ನದೇ. ಕಾರಿನ ವಿಷಯದಲ್ಲೂ ಹಾಗೇ ಆಯಿತು. ಭಾವ ತೀರಿಕೊಂಡ ಮೇಲೆ ರತ್ನಕ್ಕ ಪ್ರತಿ ಶನಿವಾರ ಬೆಳಿಗ್ಗೆ ನಮ್ಮ ಮನೆಗೆ ಬಂದು ಸಂಜೆ ಹೋಗುವುದು ಪದ್ಧತಿ. ಅವಳನ್ನು ಆಟೋ ಹತ್ತಿಸಲು ಒಬ್ಬರು ತಳ್ಳಬೇಕು, ಸಣ್ಣ ಕಾರಿನಿಂದ ಇಳಿಸಲು ಇಬ್ಬರು ಎಳೆಯಬೇಕು. ಈಗ ಎಲ್ಲರ ಮನೆ ಮುಂದೆ ನಿಂತಿರುತ್ತವಲ್ಲ, ಪುಟಾಣಿ ಎಸ್‌ಯುವಿಗಳು, ಅವುಗಳ ಸೀಟು ಸರಿಯಾಗಿ ಸೊಂಟದ ಎತ್ತರಕ್ಕಿದೆ. ಬೆನ್ನು ತಿರುಗಿಸಿ ಕೂತರೆ ಆಯಿತು. ಶೋರೂಮಿನಲ್ಲಿ ಜನರೆಲ್ಲ ನೋಡುತ್ತಿದ್ದರೂ ನಾನೇ ಎದ್ದು ಕೂತು, ಎದ್ದು ಕೂತು ಖಾತ್ರಿ ಮಾಡಿಕೊಂಡೆ.

"ಅಮ್ಮ, ಇದು ಪೆಟ್ರೋಲ್ ಕುಡಿಯತ್ತೆ, ಚಿಕ್ಕದು ತಗೊಳ್ಳೋಣ" ಎಂದು ಮಗ ಶ್ರೀಕಾಂತ್ ಗೊಣಗಿದ. ಆಗ ಮಾರಾಟದ ಹುಡುಗ ವಿಜಯ್ ಕುಮಾರ್ ಪುಸ್ತಕ ಬಿಚ್ಚಿ ತೋರಿಸಿದ. "ನನ್ ಮಾತು ನಂಬ್ಬೇಡಿ ಅಮ್ಮಾ. ಇಲ್ನೋಡಿ, ಟೆಸ್ಟ್ ಮಾಡಿ ಸರ್ಟಿಫಿಕೇಟ್ ಕೊಟ್ಟಿದಾರೆ. ಇಪ್ಪತ್ತು!" ಮನುಷ್ಯರ ಮಾತನ್ನು ನಾನು ಸುಲಭಕ್ಕೆ ನಂಬುವವಳಲ್ಲ, ಆದರೆ ಮೊಹರು ಕಂಡರೆ ಕರಗಿಹೋಗುತ್ತೇನೆ. "ಮೊಹರು ಸುಳ್ಳು ಹೇಳತ್ತೇನೋ?" ಎಂದು ಮಗನನ್ನು ಕೇಳಿದೆ. ಅವನು ಸುಮ್ಮನಾದ. ನಮ್ಮ ಮನೆಯಲ್ಲಿ ಸುಮ್ಮನಾಗುವುದನ್ನು ಒಪ್ಪಿಗೆ ಎಂದೇ ತಿಳಿಯಲಾಗುತ್ತದೆ.

ಗಾಡಿ ಬಂತು, ಚಕ್ರದಡಿ ನಿಂಬೆಹಣ್ಣು ಒಡೆಯಿತು, ಹನ್ನೊಂದು ಶುರುವಾಯಿತು. ಮೊದಲು ಮಗನ ಬಲಗಾಲಿನ ಮೇಲೆ ಅನುಮಾನ ಪಟ್ಟೆ. ಮುಂದಿನ ಸೀಟಿನಲ್ಲಿ ಕೂತು ಮೇಲ್ವಿಚಾರಣೆ ವಹಿಸಿಕೊಂಡೆ.

"ಗೇರ್ ಬದಲಿಸೋ, ಎಂಜಿನ್ ಒದ್ದಾಡ್ತಿದೆ."

"ಅಮ್ಮ, ಇದು ಆಟೋಮ್ಯಾಟಿಕ್. ಅದೇ ಬದಲಿಸ್ಕೊಳತ್ತೆ."

"ಅದಕ್ಕೇನೋ ಗೊತ್ತು? ನೀನು ಬದಲಿಸು!"

ಆಮೇಲೆ ಎಸಿಯನ್ನು ನಿಷೇಧಿಸಿದೆ. ಯಶವಂತಪುರದ ಕಾಲೇಜೊಂದರ ಕಚೇರಿಯಲ್ಲಿ ಕೆಲಸ ಮಾಡುವ ಸೊಸೆ ಮಹತಿ, ಇಸ್ತ್ರಿ ಸೀರೆ ಉಟ್ಟು ಹೊರಟವಳು ಹಿಂಡಿದ ಬಟ್ಟೆಯಂತಾಗಿ ತಲುಪತೊಡಗಿದಳು. "ಅತ್ತೆ, ಬಸ್ಸಲ್ಲಿ ನಿಂತ್ಕೊಂಡು ಬಂದ್ಯಾ ಅಂತ ಕೇಳ್ತಾರೆ ಎಲ್ರೂ. ಬಸ್ಸಲ್ಲೇ ಹೋಗ್ತೀನಿ ಬಿಡಿ, ಅದ್ರಲ್ಲಿ ಎಸಿನಾದ್ರೂ ಇರತ್ತೆ" ಎಂದಳು. ಹೋಗಿಯೂ ಬಿಟ್ಟಳು. ಕಾರಿರುವ ಮನೆಯ ಸೊಸೆ ಬಸ್ಸಿಗೆ ಕಾಯುವುದನ್ನು ಬೀದಿಯವರೆಲ್ಲ ನೋಡಿದರು. ಉಳಿತಾಯಕ್ಕೆ ಎಲ್ಲರೂ ಕೈಜೋಡಿಸುತ್ತಿದ್ದಾರೆ ಎಂದು ನಾನು ಬೀಗಿದೆ.

ನಂತರ ಬಂಕಿನ ಸರದಿ. ನಿಜವಾದ ಮೈಲೇಜ್ ತಿಳಿಯಬೇಕಾದರೆ ಟ್ಯಾಂಕ್ ಕಂಠಪೂರ್ತಿ ತುಂಬಿಸಬೇಕು, ಒಳಗಿನ ಗಾಳಿ ಹೋಗಲು ಗಾಡಿಯನ್ನು ಅಲ್ಲಾಡಿಸಬೇಕು ಎಂದು ಯಾರೋ ಹೇಳಿದ್ದರು. ಯಲಹಂಕದ ಬಂಕಿನಲ್ಲಿ, ಹಿಂದೆ ಹತ್ತಾರು ಗಾಡಿಗಳು ಹಾರನ್ ಹೊಡೆಯುತ್ತಿರುವಾಗ, ಮಗ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಕಾರನ್ನು ತೊಟ್ಟಿಲಿನಂತೆ ತೂಗಿದೆವು. ಪೆಟ್ರೋಲ್ ಹಾಕುತ್ತಿದ್ದ ನಜೀರ್ ಪೈಪು ಹಿಡಿದೇ ನಕ್ಕ. "ಜೋಗುಳಾನೂ ಹಾಡ್ಬಿಡಿ ಅಮ್ಮಾ, ಮಲ್ಕೊಳ್ಳತ್ತೆ." ಮಗ ಆಮೇಲೆ ಆ ಬಂಕಿನ ಕಡೆ ತಲೆ ಹಾಕಿಲ್ಲ.

ಗಾಡಿಯ ಖರ್ಚನ್ನು ಗಾಡಿಯಿಂದಲೇ ದುಡಿಸಬೇಕೆಂದು ಯಶವಂತಪುರದ ಸಗಟು ಮಾರುಕಟ್ಟೆಯಿಂದ ಈರುಳ್ಳಿ ಮೂಟೆಗಳನ್ನೂ ತಂದೆ. ಈರುಳ್ಳಿಯಲ್ಲಿ ಉಳಿಸಿದ್ದು ಗೊರಗುಂಟೆಪಾಳ್ಯದ ಟ್ರಾಫಿಕ್ ಜಾಮಿನಲ್ಲೇ ಹೊಗೆಯಾಯಿತು. ತಿಂದು ಉಳಿದ ಈರುಳ್ಳಿ ಮನೆಯಲ್ಲಿ ಮೊಳಕೆ ಬಂತು. ಇನ್ನು ಗುಂಡಿಗೆ ಬಿದ್ದು ಒಡೆದ ಟೈರು ಬದಲಿಸಲು ಹೋದಾಗ ಗೊತ್ತಾಗಿದ್ದು: ಗಾಡಿ ಮಾತ್ರ ಚಿಕ್ಕದು, ಟೈರುಗಳು ದೊಡ್ಡ ಮನೆತನದವು. ಬೆಲೆ ಕೇಳಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಇಷ್ಟಾದರೂ ಮೊಹರಿನ ಮೇಲಿನ ನನ್ನ ನಂಬಿಕೆ ಅಲುಗಲಿಲ್ಲ. ತಪ್ಪು ಯಾರದೋ ಇರಲೇಬೇಕು, ಗಾಡಿಯದಲ್ಲ, ಮೊಹರಿನದಂತೂ ಅಲ್ಲ. ಕಾರಿನ ಮುಂಭಾಗದ ಪರದೆಯಲ್ಲಿ ಸರಾಸರಿ ಎಷ್ಟೆಂದು ಕಾಣುತ್ತಿರುತ್ತದೆ. ಅದನ್ನು ಕ್ರಿಕೆಟ್ ಸ್ಕೋರಿನಂತೆ ಗಟ್ಟಿಯಾಗಿ ಓದುವ ಚಟ ನನಗೆ ಹಿಡಿಯಿತು. ಒಂದು ಶನಿವಾರ ರತ್ನಕ್ಕ ಎಂದಿನಂತೆ ನುಗ್ಗೆಕಾಯಿ, ಹಲಸಿನಹಣ್ಣು, ಮಜ್ಜಿಗೆಯ ಕ್ಯಾನು ಸಮೇತ ಹಿಂದೆ ಹತ್ತಿ ಕೂತಳು. ಕೋಗಿಲು ಕ್ರಾಸಿನಲ್ಲಿ ಗಾಡಿಗಳು ಹೆಪ್ಪುಗಟ್ಟಿದ್ದವು. ಹನ್ನೆರಡಿದ್ದದ್ದು ಹನ್ನೊಂದಾಯಿತು, ಹತ್ತಾಯಿತು, ಒಂಬತ್ತಾಯಿತು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ನೋಡಿದ್ಯೇನೋ ಶ್ರೀಕಾಂತ, ಅಕ್ಕ ಹತ್ತಿದ್ಮೇಲೆ ಮೂರು ಇಳೀತು."

ಹಿಂದೆ ಅಕ್ಕ ತನ್ನ ಚೀಲಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಸಂತೆ ಸರ್ಕಲ್ ಬಂದಾಗ ಅಕ್ಕ ಹೇಳಿದಳು: "ನಿಲ್ಸು ಮಗೂ. ನಿಮ್ಮಮ್ಮನ ಮೂರು ಕಿಲೋಮೀಟರ್ ವಾಪಸ್ ಕೊಟ್ಬಿಡ್ತೀನಿ."

"ದೊಡ್ಡಮ್ಮ, ಅಮ್ಮ ತಮಾಷೆಗೆ—"

"ತಮಾಷೆನೇ ಕಣೋ. ಬಾಗಿಲು ತೆಗಿ."

ಅವಳು ಇಳಿದು ಆಟೋಗೆ ಕೈ ಮಾಡಿದಳು. ಆ ಮಂಡಿಗಳಲ್ಲಿ ಆಟೋ! ಮಗ ಓಡಿಹೋಗಿ ತಳ್ಳಿದ, ಚಾಲಕ ಕೈ ಹಿಡಿದು ಎಳೆದ. ನಾನು ಕಾರಿನೊಳಗೇ ಕೂತಿದ್ದೆ. ಆಗ ನಾನು ಏನು ಮಾಡುತ್ತಿದ್ದೆ ಗೊತ್ತೇ, ಮಾನ್ಯರೇ? ಪರದೆ ನೋಡುತ್ತಿದ್ದೆ, ಅವಳು ಇಳಿದ ಮೇಲೆ ಎಷ್ಟು ಏರುತ್ತದೆ ಎಂದು. ಏರಲಿಲ್ಲ. ಅಕ್ಕನೂ ಇಲ್ಲದೆ, ಅವಳ ಹಲಸಿನಹಣ್ಣೂ ಇಲ್ಲದೆ ಸಿಂಗಾಪುರ ತಲುಪುವಷ್ಟರಲ್ಲಿ ಅದು ಎಂಟಾಗಿತ್ತು.

ಅಂದಿನಿಂದ ಅವಳು ಬಂದಿಲ್ಲ. ಫೋನ್ ಮಾಡಿ ಕೇಳಿದೆ: "ಶನಿವಾರ ಗಾಡಿ ಕಳಿಸ್ಲಾ ಅಕ್ಕ?"

"ಇಪ್ಪತ್ತು ಕೊಡ್ತಿದ್ಯಾ?"

"ಇಲ್ಲ ಕಣೇ."

"ಕೊಟ್ಟಾಗ ಹೇಳು ಕೌಸಿ, ಬರ್ತೀನಿ. ಅಲ್ಲೀವರೆಗೂ ನಾನೂ ಸ್ವಲ್ಪ ತೂಕ ಇಳಿಸ್ತಿರ್ತೀನಿ."

ನಿಮ್ಮ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಈಗ ಮಗನಿಂದ ವಿಚಾರಿಸಿಕೊಂಡಿದ್ದೇನೆ. ಮುಚ್ಚಿದ ಕೋಣೆಯಲ್ಲಿ ಉರುಳೆಗಳ ಮೇಲೆ ಓಡಿಸುತ್ತೀರಂತೆ, ಎಸಿ ಹಾಕುವುದಿಲ್ಲವಂತೆ. ಅಂದರೆ ಗಾಡಿ ಇದ್ದಲ್ಲೇ ಇರುತ್ತದೆ! ನಿಂತಲ್ಲೇ ಓಡುವ ಗಾಡಿಗೆ ಇಪ್ಪತ್ತು ಬಂದರೆ ಅದರಲ್ಲಿ ಹೆಚ್ಚುಗಾರಿಕೆ ಏನು? ಆ ಕೋಣೆಯಲ್ಲಿ ಹೆಬ್ಬಾಳದ ಮೇಲ್ಸೇತುವೆ ಇದೆಯೇ? ಪೈಪು ಹಾಕಲು ಅಗೆದು ಹಾಗೇ ಬಿಟ್ಟ ಗುಂಡಿ ಇದೆಯೇ? ಅಡ್ಡ ನುಗ್ಗುವ ವಾಟರ್ ಟ್ಯಾಂಕರ್ ಇದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮಲ್ಲಿ ಯಾರಿಗೂ ಅಕ್ಕ ಇಲ್ಲವೇ? ಪರೀಕ್ಷೆ ಪರೀಕ್ಷೆಯೇ ಎಂದು ನೀವು ಹೇಳಬಹುದು. ಸರಿ. ಆದರೆ ಅದು ಕೋಣೆಯೊಳಗಿನ ಸಂಖ್ಯೆ ಎಂದು ಅದೇ ಪುಸ್ತಕದಲ್ಲಿ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಸಲು ಏನು ಅಡ್ಡಿ? ಬರೆದಿದ್ದರೆ ನಾನು ಓದುತ್ತಿದ್ದೆ. ಓದಿಯೂ ಇದೇ ಗಾಡಿ ಕೊಳ್ಳುತ್ತಿದ್ದೆ, ಆ ಸೀಟಿಗಾಗಿ. ಒಂಬತ್ತು ಕಿಲೋಮೀಟರನ್ನು ಮನೆಯವರ ಮೈಮೇಲೆ ಹುಡುಕುತ್ತಿರಲಿಲ್ಲ, ಅಷ್ಟೇ.

ಆದ್ದರಿಂದ ನನ್ನ ಒತ್ತಾಯ ಇದು. ನಮ್ಮ ಊರಿನ ರಸ್ತೆಯಲ್ಲಿ, ಎಸಿ ಹಾಕಿ, ಮನೆಮಂದಿಯನ್ನೂ ಅವರ ಚೀಲಗಳನ್ನೂ ಕೂರಿಸಿಕೊಂಡು ಗಾಡಿ ಎಷ್ಟು ಕೊಡುತ್ತದೋ ಅದನ್ನು ಪರೀಕ್ಷಿಸಿ, ಇಪ್ಪತ್ತರ ಪಕ್ಕದಲ್ಲೇ ಅಚ್ಚು ಹಾಕಿಸಿ. ಕೆಳಗೆ ಒಂದು ಸಾಲು ಸೇರಿಸಿ, "ಈ ಇಳಿಕೆಗೆ ಹಿಂದೆ ಕೂತವರು ಕಾರಣರಲ್ಲ" ಎಂದು. ಅದರ ಮೇಲೆ ಮೊಹರು ಒತ್ತಿ ಒಂದು ಪ್ರತಿ ನನಗೆ ಕಳಿಸಿ. ತಪ್ಪಾಯಿತು ಎನ್ನುವುದು ನನ್ನ ಬಾಯಲ್ಲಿ ಬರುವುದಿಲ್ಲ, ಅಭ್ಯಾಸವಿಲ್ಲ. ಕಾಗದವಾದರೆ ಕೈಯಲ್ಲಿ ಕೊಟ್ಟುಬಿಡಬಹುದು.

ನೀವು ಉತ್ತರಿಸುವ ವೇಗ ನನಗೆ ಗೊತ್ತಿಲ್ಲದ್ದೇನಲ್ಲ, ಅದಕ್ಕೇ ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ಅಕ್ಕ ಪತ್ರಿಕೆಯಲ್ಲಿ ಓದುಗರ ಪತ್ರಗಳನ್ನೇ ಮೊದಲು ಓದುತ್ತಾಳೆ. ಹಾಗಾಗಿ ಅವಳಿಗೂ ಇಲ್ಲೇ ತಿಳಿಸಿಬಿಡುತ್ತೇನೆ: ಈ ಶನಿವಾರ ಬೆಳಿಗ್ಗೆ ಗಾಡಿ ನಿನ್ನ ಗೇಟಿನ ಮುಂದೆ ನಿಂತಿರುತ್ತದೆ, ಎಸಿ ಹಾಕಿಕೊಂಡು, ಎಂಜಿನ್ ಆರಿಸದೆ. ನೀನು ಹೊರಗೆ ಬರುವವರೆಗೂ ಉರಿಯುತ್ತಲೇ ಇರುತ್ತದೆ. ಇವತ್ತಿನ ಪೆಟ್ರೋಲ್ ದರ ನಿನಗೆ ಗೊತ್ತು, ನನ್ನ ಸ್ವಭಾವವೂ ಗೊತ್ತು. ಬೇಗ ಬಾ.

ಇಂತಿ,
ಮೊಹರನ್ನು ನಂಬಿ ಅಕ್ಕನನ್ನು ತೂಗಿದವಳು,
ಕೌಸಲ್ಯಾ
ಸಿಂಗಾಪುರ, ಬೆಂಗಳೂರು