ನೀಲಿ ಅಂಟದ ಹುಡುಗಿ

ಶಾಲೆಯ ಪ್ರಥಮ ಚಿಕಿತ್ಸೆ ಕೋಣೆ
ಶನಿವಾರ, ಹದಿನೆಂಟನೇ ತಾರೀಕು

ಪ್ರೀತಿಯ ಅಕ್ಕನಿಗೆ,

ನಾನು ಚೆನ್ನಾಗಿದ್ದೇನೆ, ನನ್ನ ಮಂಡಿನೋವೂ ಚೆನ್ನಾಗಿದೆ. ಎರಡು ಪತ್ರ ಬರೆದರೂ ಉತ್ತರವಿಲ್ಲ ಎಂದು ನೀನು ಬೈದುಕೊಂಡಿರುತ್ತೀಯ. ಬೈಗುಳ ಬಂದು ತಲುಪಿದೆ ಎಂದುಕೋ. ಭಾವನ ಬಿ.ಪಿ. ಮಾತ್ರೆ ತಪ್ಪಿಸಬೇಡ. ಇಷ್ಟು ದಿನ ನನ್ನ ತಲೆ ತಿನ್ನುತ್ತಿದ್ದದ್ದು ಶುಕ್ರವಾರದ ಪೀರಿಯಡ್ಡು.

ವಾರವೆಲ್ಲ ನನಗೆ ತರಚುಗಾಯ, ಹೊಟ್ಟೆನೋವಿನ ನಾಟಕ, ಚುಚ್ಚುಮದ್ದು ಇದ್ದದ್ದೇ. ಮಕ್ಕಳು ನನ್ನನ್ನು ಕರೆಯುವುದೇ ಸೂಜಿ ಮಿಸ್ ಎಂದು. ಶುಕ್ರವಾರದ ಕೊನೆಯ ಪೀರಿಯಡ್ಡು ಆರೋಗ್ಯ ಪಾಠ. ಆಗ ಮಾತ್ರ ಅವರು ನನ್ನ ಕಂಡರೆ ಓಡುವುದಿಲ್ಲ. ಅದರ ಮೇಲೆ ಗಣಿತದ ಮೇಷ್ಟ್ರ ಕಣ್ಣು ಬಿತ್ತು. ಕೈ ತೊಳೆಯುವುದನ್ನು ಕಲಿಸಲು ವಾರಕ್ಕೊಂದು ಪೀರಿಯಡ್ಡು ಯಾಕೆ ಎಂದು ಹೆಡ್‌ಮಾಸ್ಟರ ಕಿವಿಯಲ್ಲಿ ಊದಿದರು. ಹೆಡ್‌ಮಾಸ್ಟರು ನನ್ನನ್ನು ಕರೆಸಿ, ತಾವು ಬೆಳಗಿನಿಂದ ಐದು ಸಲ ಕೈ ತೊಳೆದಿರುವುದಾಗಿಯೂ ಮಕ್ಕಳು ತಮ್ಮನ್ನು ನೋಡಿಯೇ ಕಲಿಯುತ್ತಾರೆಂದೂ ತಿಳಿಸಿದರು. ಮುಂದಿನ ವಾರದಿಂದ ಪೀರಿಯಡ್ಡು ಗಣಿತಕ್ಕೆ ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನೆ ಬೆಳಗ್ಗೆ ಕೇಕಿಗೆ ಹಾಕುವ ನೀಲಿ ಬಣ್ಣವನ್ನು ಮುಲಾಮಿಗೆ ಕಲಸಿ, ನಾಲ್ಕನೇ ತರಗತಿಯ ಲೀಡರ್ ಹುಡುಗಿಯ ಅಂಗೈಗಳಿಗೆ ದಪ್ಪವಾಗಿ ಬಳಿದೆ. ಇದು ರೋಗಾಣು, ಕೈ ತೊಳೆಯಬೇಡ, ದಿನಾ ಇರುವ ಹಾಗೇ ಇರು ಎಂದೆ. ಅಷ್ಟು ಇಷ್ಟವಾದ ಹೋಮ್‌ವರ್ಕ್ ಅವಳಿಗೆ ಹುಟ್ಟಿದ ಮೇಲೆ ಸಿಕ್ಕಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಲವತ್ತೆರಡು ಮಕ್ಕಳಲ್ಲಿ ನಲವತ್ತೊಂದು ನೀಲಿ. ನಲ್ಲಿ, ಚಿಲಕ, ಡಸ್ಟರು ಎಲ್ಲ ನೀಲಿ. ಗಣಿತದ ಮೇಷ್ಟ್ರು ಪೆನ್ನು ಕಚ್ಚುತ್ತ ಲೆಕ್ಕ ತಿದ್ದುವವರು. ಅವರ ನಾಲಿಗೆಯೇ ನೀಲಿಯಾಗಿತ್ತು. ಹಾಜರಿ ಪುಸ್ತಕ ಒಯ್ದು ಕೊಡುವುದು ಲೀಡರೇ ಆದ್ದರಿಂದ ಹೆಡ್‌ಮಾಸ್ಟರ ಮೂಗಿಗೂ ಬೋಳುತಲೆಗೂ ಪಾಲು ಬಂದಿತ್ತು. ಅಲ್ಲಿಂದ ಗುರುತು ಹಿಡಿದು ಹೋದರೆ ಬೀರುವಿನ ಹಿಡಿ, ಫೈಲುಗಳು, ಫೈಲುಗಳ ಹಿಂದೆ ಬಿಸ್ಕತ್ತಿನ ಡಬ್ಬಿ. ಸಕ್ಕರೆ ಕಾಯಿಲೆಯೆಂದು ಸಿಹಿ ಬಿಟ್ಟು ಆರು ತಿಂಗಳಾಯಿತೆಂದು ನಮಗೆಲ್ಲ ಉಪದೇಶ ಮಾಡುವ ಮನುಷ್ಯ. ನಾನು ಡಬ್ಬಿಯನ್ನು ನೋಡಿದೆ, ಅವರು ನನ್ನನ್ನು ನೋಡಿದರು.

"ಪೀರಿಯಡ್ಡು ನಿಮ್ಮ ಹತ್ರಾನೇ ಇರ್ಲಿ ಸಿಸ್ಟರ್" ಎಂದರು.

ಒಬ್ಬಳಿಗೆ ಮಾತ್ರ ಒಂದು ಚುಕ್ಕೆಯೂ ಹತ್ತಿರಲಿಲ್ಲ. ಕೊನೆಯ ಬೆಂಚಿನವಳು. ಮರ್ಯಾದೆ ಉಳಿಸಿಕೊಳ್ಳಲು ಹೆಡ್‌ಮಾಸ್ಟರಿಗೆ ಅಷ್ಟೇ ಬೇಕಿತ್ತು. ಅವಳನ್ನು ಎಲ್ಲರೆದುರು ನಿಲ್ಲಿಸಿ, ಶುಚಿತ್ವವೆಂದರೆ ಇದು ಎಂದು ನೀಲಿ ಮೂಗಿನಲ್ಲೇ ಭಾಷಣ ಬಿಗಿದು, ಒಂದು ಸೋಪು ಬಹುಮಾನ ಕೊಟ್ಟರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅಂತೂ ಗೆದ್ದೆ ಅಕ್ಕ, ಖುಷಿಪಡು. ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳು ನೂರು ವರ್ಷ ಬಾಳಲಿ, ಊಟಕ್ಕೆ ಮೊದಲು ಕೈ ತೊಳೆದುಕೊಂಡು ಬಾಳಲಿ.

ನಿನ್ನ ತಂಗಿ,
ಸೂಜಿ ಮಿಸ್

ತಾ.ಕ.: ಪತ್ರ ಮಡಿಚಿಟ್ಟವಳು ಮತ್ತೆ ಬಿಚ್ಚಿದೆ. ಆ ಹುಡುಗಿ ಕೈ ತೊಳೆದದ್ದಕ್ಕೆ ಶುಚಿಯಾಗಿ ಉಳಿದದ್ದಲ್ಲ. ದಿನವಿಡೀ ಅವಳನ್ನು ಯಾರೂ ಮುಟ್ಟಿರಲಿಲ್ಲ, ನಲ್ಲಿಯ ಸಾಲಿಗೂ ಸೇರಿಸಿಕೊಂಡಿರಲಿಲ್ಲ. ಎರಡು ತಿಂಗಳ ಹಿಂದೆ ತಲೆ ಪರೀಕ್ಷೆ ಮಾಡುವಾಗ, ಇವಳಿಗೆ ಹೇನಿದೆ, ಯಾರೂ ಹತ್ತಿರ ಕೂರಬೇಡಿ ಎಂದು ಇಡೀ ತರಗತಿಗೆ ಕೇಳುವ ಹಾಗೆ ಹೇಳಿದ್ದು ನಾನೇ. ಹೇನು ವಾರದಲ್ಲಿ ಹೋಯಿತು. ಹೋಯಿತೆಂದು ತರಗತಿಗೆ ಹೇಳಲು ಮರೆತೆ. ನನ್ನ ಪಾಠಗಳಲ್ಲಿ ಮಕ್ಕಳು ಚಾಚೂ ತಪ್ಪದೆ ಕಲಿತದ್ದು ಅದೊಂದನ್ನೇ. ನಾವಿಬ್ಬರೂ ಒಬ್ಬರ ಹೇನು ಇನ್ನೊಬ್ಬರಿಗೆ ಹತ್ತಿಸಿಕೊಂಡು ಒಂದೇ ದಿಂಬಿನ ಮೇಲೆ ಮಲಗಿದವರು, ಅಕ್ಕ, ನನಗೆ ಗೊತ್ತಿರಬೇಕಿತ್ತು. ಮುಂದಿನ ಶುಕ್ರವಾರ ಅದೇ ಪೀರಿಯಡ್ಡಿನಲ್ಲಿ, ಅದೇ ಮಕ್ಕಳ ಮುಂದೆ ತಪ್ಪು ಒಪ್ಪಿಕೊಳ್ಳುತ್ತೇನೆ. ನಿನ್ನೆ ಸಂಜೆ ಅವಳು ಸೋಪು ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದಳು. ಬಿಚ್ಚಿಹೋದ ಜಡೆ ಕಟ್ಟೋಣವೆಂದು ಕೈ ಚಾಚಿದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಬೇಡ ಮಿಸ್, ನಿಮಗೂ ಅಂಟ್ಕೊಳ್ಳುತ್ತೆ" ಅಂದಳು.