ಮಗ್ಗುಲ ಮಾತು

ಹರಿಹರ, ಎರಡು ಸಾವಿರದ ಇನ್ನೂರ ಮೂವತ್ತೊಂದನೆಯ ಇಸವಿ, ಎರಡನೇ ಬೇಸಿಗೆಯ ನಲವತ್ತನೇ ದಿನ

ತೀವ್ರ ನಿಗಾ ಘಟಕದ ಬಾಗಿಲ ಹೊರಗೆ ಕುಳಿತಿರುವ ತಂಗಿಗೆ,

ತಾರೀಕು ನೋಡಿ ಗಾಬರಿಯಾಗಬೇಡ. ನಮ್ಮಲ್ಲಿ ಈಗ ವರ್ಷಕ್ಕೆ ಎರಡು ಬೇಸಿಗೆ. ಎರಡನೆಯದು ನಿಮ್ಮ ದೀಪಾವಳಿಯ ಹೊತ್ತಿಗೆ ಬರುತ್ತದೆ. ನನ್ನ ಕೆಲವು ಮಾತುಗಳು ನಿನಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ. ಹೆಸರು ಹಾಲಮ್ಮ. ಓದಿದ್ದು ಹೈಸ್ಕೂಲಿನವರೆಗೆ, ನಡೆಸಿದ್ದು ಮೂರು ಒಲೆಯ ಮನೆ. ನನ್ನನ್ನು ಕೇಳದೆ ಆ ಮನೆಯಲ್ಲಿ ಸಾರಿಗೆ ಉಪ್ಪು ಬೀಳುವುದಿಲ್ಲ. ನೀನು ನನಗಿಂತ ಇನ್ನೂರು ವರ್ಷ ಮೊದಲೇ ಹುಟ್ಟಿದವಳು, ಅಕ್ಕ ಎನ್ನಬೇಕಿತ್ತು. ಆದರೆ ಫೋಟೊದಲ್ಲಿ ನಿನಗೆ ನಲವತ್ತರ ಮೇಲೆ ಕಾಣುವುದಿಲ್ಲ, ನನಗೆ ಅರವತ್ತಾರು. ತಂಗಿಯಾಗಿಯೇ ಇರು.

ಆ ಫೋಟೊ ನಮ್ಮ ಆಸ್ಪತ್ರೆಯ ಗೋಡೆಯಲ್ಲಿದೆ. ಮೇಲೆ ಬಿಸಿಲು ತಡೆಯಲಾಗದೆ ನಮ್ಮ ಆಸ್ಪತ್ರೆ, ಸಂತೆ, ಶಾಲೆ ಎಲ್ಲವನ್ನೂ ನೆಲದೊಳಗೆ ಕಟ್ಟಿಕೊಂಡಿದ್ದೇವೆ. ಮೇಲೆ ಉಳಿದಿರುವುದು ಬಿಸಿಲುಗನ್ನಡಿಗಳು ಮಾತ್ರ, ಬಿಸಿಲನ್ನು ಹಿಡಿದು ವಿದ್ಯುತ್ತು ಕೊಡುವ ಹಾಳೆಗಳು. ನಮ್ಮ ಮನೆಯವರು ಅವನ್ನು ಒರೆಸುವ ಮೇಸ್ತ್ರಿ. ನೆಲದಡಿಯ ಉದ್ದನೆಯ ಓಣಿಯಲ್ಲಿ ಹಳೆಯ ಕಾಲದ ಆಸ್ಪತ್ರೆಗಳ ಚಿತ್ರ ಹಾಕಿದ್ದಾರೆ. ಒಂದರಲ್ಲಿ ನೀನು ಕಬ್ಬಿಣದ ಕುರ್ಚಿಯ ಮೇಲೆ ಕುಳಿತಿದ್ದೀಯ. ಮಡಿಲಲ್ಲಿ ಊಟದ ಕ್ಯಾರಿಯರ್, ತಲೆಯ ಮೇಲೆ 'ಒಳಗೆ ಪ್ರವೇಶವಿಲ್ಲ' ಎಂಬ ಬೋರ್ಡು, ಎರಡೂ ಮುಂಗೈ ತುಂಬ ಹಸಿರು ಗಾಜಿನ ಬಳೆ. ಎಲ್ಲರೂ ನಿನ್ನನ್ನು ನೋಡಿ ಪಾಪ ಎನ್ನುತ್ತಾರೆ. ನನಗೆ ಮಾತ್ರ ನಿನ್ನ ಮೇಲೆ ಹೊಟ್ಟೆಕಿಚ್ಚು. ಅದೇ ಫೋಟೊದ ಕೆಳಗಿನ ಬೆಂಚಿನಲ್ಲಿ ಕುಳಿತು ದಿನವೆಲ್ಲ ಉರಿದಿದ್ದೇನೆ.

ನಿಮ್ಮ ಕಾಲದ ಬಾಗಿಲು ಎಲ್ಲರಿಗೂ ಒಂದೇ ರೀತಿ ಮುಚ್ಚಿತ್ತು. ಹೆಂಡತಿಯೂ ಹೊರಗೆ, ತಾಯಿಯೂ ಹೊರಗೆ, ಅಕ್ಕತಂಗಿಯರೂ ಹೊರಗೆ. ಒಳಗೆ ನಿನ್ನ ಗಂಡನನ್ನು ಹೊರಳಿಸುತ್ತಿದ್ದವರು ಸಿಸ್ಟರುಗಳು, ಅವನ ಗುರುತಿಲ್ಲದವರು. ನಮ್ಮ ಬಾಗಿಲು ಒಬ್ಬರಿಗೆ ತೆರೆಯುತ್ತದೆ. ಆ ಒಬ್ಬರು ಯಾರೆಂದು ಮಲಗಿದವನೇ ಮೊದಲು ಹೇಳಿರಬೇಕು.

ಇದು ಹೇಗೆ ಬಂತೆಂದು ಹೇಳುತ್ತೇನೆ. ನಿಮ್ಮ ನಂತರ ಎರಡು ತಲೆಮಾರು ಅಲೆಮಂಚಗಳ ಕಾಲ. ತಾನೇ ಉಬ್ಬಿ, ತಗ್ಗಿ, ಮಲಗಿದವರನ್ನು ಹೊರಳಿಸುವ ಮಂಚ. ಜನ ಕೈ ತೊಳೆದುಕೊಂಡು ದೂರ ಕುಳಿತರು. ಆ ಮಂಚಕ್ಕೊಂದು ಕಣ್ಣಿತ್ತು. ಚರ್ಮ ಕೆಂಪಾದರೆ ಕೂಗು ಎಂದು ಅದಕ್ಕೆ ಕಲಿಸಿದ್ದರು. ನಮ್ಮ ಬಣ್ಣ ನಿನಗೆ ಗೊತ್ತು; ನಮ್ಮ ಮನೆಯವರಂತೂ ಎಣ್ಣೆಗಪ್ಪು. ಅಂಥ ಮೈಯಲ್ಲಿ ಕೆಂಪು ಎಲ್ಲಿ ಕಾಣಬೇಕು? ಉಸಿರಿನ ಯಂತ್ರ ಹಾಕಿಸಿಕೊಂಡು, ರಕ್ತದ ಒತ್ತಡ ಹಿಡಿದಿಡುವ ಮದ್ದಿನಲ್ಲಿ ಮಲಗಿದವರಿಗೆ ಚರ್ಮದವರೆಗೆ ರಕ್ತವೇ ಸರಿಯಾಗಿ ಹೋಗುವುದಿಲ್ಲ. ಹಿಮ್ಮಡಿ, ಟೊಂಕ, ತಲೆಯ ಹಿಂಭಾಗ, ಕೊಳವೆ ಒತ್ತುವ ತುಟಿಯ ಅಂಚು, ಎಲ್ಲ ಕಡೆ ಒಳಗೊಳಗೇ ಕೊಳೆತು, ಕೊನೆಗೆ ಬಾಯಿ ಬಿಟ್ಟಾಗಲೇ ಮಂಚ ಕೂಗುತ್ತಿತ್ತು. ನೀವು ಬೆಡ್‌ಸೋರ್ ಎನ್ನುತ್ತಿದ್ದುದು ಇದನ್ನೇ. ಕಡೆಗೆ ಕೈಯೇ ಬೇಕೆಂದು ಕಾನೂನು ಮಾಡಿದರು. ಬಿಸಿ, ಗಟ್ಟಿ, ಮೆತ್ತಗೆ, ಇವು ಕೈಗೆ ತಿಳಿಯುತ್ತವೆ. ಹೊರಳಿಸಲು ಸಿಸ್ಟರುಗಳು, ಮುಟ್ಟಿ ನೋಡಲು ಮನೆಯದೊಂದು ಕೈ. ಐವತ್ತು ತುಂಬಿದ ಪ್ರತಿಯೊಬ್ಬರೂ ಆಸ್ಪತ್ರೆಗೆ ಹೋಗಿ, 'ನನ್ನ ಮಗ್ಗುಲು ಇಂಥವರಿಗೆ' ಎಂದು ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಮಗ್ಗುಲ ಮಾತು ಎನ್ನುತ್ತಾರೆ. ಹೇಳಿದ್ದನ್ನು ಆಸ್ಪತ್ರೆಯವರು ಹೊತ್ತು ಬಂದಾಗಲೇ ಮನೆಯವರಿಗೆ ತಿಳಿಸುವುದು.

ನಮ್ಮ ಮನೆಯವರಿಗೆ ಶ್ವಾಸಕೋಶಕ್ಕೆ ಸೋಂಕಾಗಿ ಒಳಗೆ ಸೇರಿಸಿದ ದಿನ, ನಾನು ಸೆರಗು ಸಿಕ್ಕಿಸಿಕೊಂಡು ಬಾಗಿಲ ಬಳಿ ನಿಂತಿದ್ದೆ. ಸಿಸ್ಟರ್ ಭರಮಪ್ಪ ಹೊರಗೆ ಬಂದ. ಗಂಡಸಾದರೂ ಸಿಸ್ಟರೇ, ನಿಮ್ಮ ಕಾಲದ ಆ ಹೆಸರು ಯಾಕೋ ಹೋಗಲೇ ಇಲ್ಲ. ಅವನು ನನ್ನನ್ನು ದಾಟಿ ಹಿಂದೆ ನೋಡಿ, "ಕರಿಬಸವ್ವ ಯಾರ್ರೀ?" ಎಂದ.

ಕರಿಬಸವ್ವ ನನ್ನ ನಾದಿನಿ. ಮದುವೆಯೇ ಬೇಡವೆಂದು ಊರೂರು ತಿರುಗಿ, ತಲೆ ನರೆತ ಮೇಲೆ ಅಣ್ಣನ ಮನೆಗೆ ಬಂದವಳು. ಬಾಯಿ ಜೋರು. ಮುದ್ದೆ ಕಟ್ಟಲು ಬಾರದು. ನಲವತ್ತೈದು ವರ್ಷ ಆ ಮನುಷ್ಯನ ಮಗ್ಗುಲಲ್ಲಿ ಮಲಗಿದವಳು ನಾನು. ಬೆಳಿಗ್ಗೆ ಅವರು ಮುಖ ಗಂಟಿಕ್ಕಿಕೊಂಡು ಬಂದರೆ, ಯಾವ ಮಗ್ಗುಲಲ್ಲಿ ಎದ್ದಿರಿ ಎಂದು ಕೇಳುತ್ತಿದ್ದವಳು ನಾನು. ಮಗ್ಗುಲು ಮಾತ್ರ ಅವಳಿಗೆ. ಮಗ್ಗುಲ ಮುಳ್ಳು ಎಂದರೆ ಏನೆಂದು ಆ ಹೊತ್ತು ಗೊತ್ತಾಯಿತು.

ಕಿಟಕಿಯ ಗಾಜಿಗೆ ಹಣೆ ಹಚ್ಚಿ ನೋಡುತ್ತಿದ್ದೆ. ಸಿಸ್ಟರುಗಳು ಅವರನ್ನು ಹೊರಳಿಸುವರು; ಅವಳು ಕೈ ಬೆಚ್ಚಗೆ ಮಾಡಿಕೊಂಡು ತಲೆಯ ಹಿಂದೆ, ಭುಜಕ್ಕೆ, ಟೊಂಕಕ್ಕೆ, ಹಿಮ್ಮಡಿಗೆ ಹಚ್ಚಿ ಕಣ್ಣು ಮುಚ್ಚುವಳು. ಕೆಲಸ ಚೆನ್ನಾಗಿಯೇ ಮಾಡುತ್ತಿದ್ದಳು. ಅದನ್ನೇ ತಡೆಯಲಾಗಲಿಲ್ಲ. ಒಮ್ಮೆ ಹೊರಗೆ ಬಂದವಳು, "ಏನ್ ಅತ್ತಿಗೆ, ಗಾಜು ಕರಗಿಸ್ತೀರೇನು ಹಂಗೆ ನೋಡಿ?" ಎಂದಳು. "ನಿನ್ನ ಉಗುರು ನೋಡ್ತಿದ್ದೆ" ಎಂದೆ. "ಕತ್ತರಿಸೀನಿ ಬಿಡ್ರಿ. ನಿಮ್ಮ ನಾಲಿಗೆಗಿಂತ ಮೊಂಡು ಅದಾವೆ" ಎಂದು ಕೈ ಚಾಚಿ ತೋರಿಸಿದಳು.

ಐದನೆಯ ದಿನ ಅವಳು ನಗಲಿಲ್ಲ. ಬಂದವಳೇ ನನ್ನ ಪಕ್ಕ ಕುಳಿತಳು. "ಅತ್ತಿಗೆ, ಅಣ್ಣನ ಬಲಸೊಂಟದ ಮೂಳೆ ಹತ್ರ ಒಂದು ಗಟ್ಟಿ ಐತ್ರಿ. ಹಳೇದೋ ಹೊಸದೋ ನಂಗೆ ತಿಳೀವಲ್ದು."

ಬಿಸಿಲುಗನ್ನಡಿಯ ಕಂಬದಿಂದ ಅವರು ಬಿದ್ದದ್ದು ನಮ್ಮ ಮದುವೆಯ ಮರುವರ್ಷ. ಆ ಮೂಳೆ ಸೊಟ್ಟಗೆ ಕೂಡಿಕೊಂಡಿತು. ಅಂದಿನಿಂದ ಅವರು ಬಲಮಗ್ಗುಲಿಗೆ ಮಲಗಿದ್ದೇ ಇಲ್ಲ. ಅಲ್ಲಿನ ಗಂಟು ಎಷ್ಟು, ಎಲ್ಲಿ ಮುಗಿಯುತ್ತದೆ ಎಂಬುದು ನನ್ನ ಕೈಗೆ ಗೊತ್ತು. ಅವಳು ಆಗ ಊರಲ್ಲೇ ಇರಲಿಲ್ಲ. ಹಳೆಯ ಗಂಟೆಂದು ಬಿಟ್ಟು, ಅದು ಹೊಸದಾಗಿದ್ದರೆ, ಆ ಹುಣ್ಣಿನಿಂದ ನಂಜು ರಕ್ತಕ್ಕೆ ಸೇರುತ್ತದೆ. ಯಂತ್ರದಲ್ಲಿರುವ ಮೈಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ. ಹೊಸದೆಂದು ಹೆದರಿ ಆ ಮಗ್ಗುಲನ್ನೇ ಬಿಟ್ಟರೆ, ಆಗಲೇ ಸೋತಿದ್ದ ಟೊಂಕದ ಮೇಲೆ ಭಾರ ಬೀಳುತ್ತದೆ.

"ಒಳಗೆ ಬರ್ರಿ" ಎಂದಳು. "ನನ್ನ ಪಾಳಿ ನಿಮಗೆ ಕೊಟ್ಟೀನಿ, ಭರಮಪ್ಪಗೂ ಹೇಳೀನಿ. ಆದ್ರೆ ಬಳೆ ತೆಗೀಬೇಕು."

ನೀರು ತುಂಬಿ ಕಾಗದದಂತಾದ ಚರ್ಮದ ಹತ್ತಿರ ಗಾಜು ಹೋಗಬಾರದು, ಅದು ನನಗೆ ತಿಳಿಯದ್ದೇನಲ್ಲ. ಆದರೆ ಗಂಡ ಯಂತ್ರದ ಉಸಿರಿನಲ್ಲಿ ಮಲಗಿರುವಾಗ ಮುತ್ತೈದೆ ಬಳೆ ಕಳಚುವುದೆಂದರೆ? ಇನ್ನೂರು ವರ್ಷದಲ್ಲಿ ನಾವು ಊರನ್ನೇ ನೆಲದೊಳಗೆ ಇಳಿಸಿದ್ದೇವೆ, ಈ ಭಯವನ್ನು ಮಾತ್ರ ಇಳಿಸಲು ಆಗಿಲ್ಲ. "ಬಾಯಿಗೆ ಬಂದದ್ದು ಆಡಬೇಡ" ಎಂದೆ.

ಆಗ ಅವಳೆಂದಳು: "ಅಣ್ಣ ನಿಮ್ಮ ಹೆಸರು ಯಾಕೆ ಹೇಳ್ಲಿಲ್ಲ ಅನ್ಕೊಂಡೀರಿ? 'ನಾನು ಬದುಕಿರೋವಾಗ ನನ್ನ ಸಲುವಾಗೇ ಅವಳ ಬಳೆ ತೆಗೆಸಬೇಕಾ, ಬ್ಯಾಡ ಕರಿಬಸಿ, ನಿನ್ನ ಕೈ ಹೆಂಗೂ ಬರಿಗೈ' ಅಂದ."

ತಂಗಿ, ಅದನ್ನು ಕೇಳಿ ಕಣ್ಣಲ್ಲಿ ನೀರು ಬಂತು ಎಂದು ಬರೆದರೆ ನಿನಗೆ ಚೆಂದ ಕಾಣುತ್ತದೆ. ನನಗೆ ಬಂದದ್ದು ಸಿಟ್ಟು. ನನ್ನ ಬಳೆಯ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ಆ ಮನುಷ್ಯ ನನಗೆ ಹೇಳಲಿಲ್ಲ, ಅವಳಿಗೆ ಹೇಳಿದರು!

ಸಿಟ್ಟಿನಲ್ಲೇ ಎದ್ದು ನಲ್ಲಿಯ ಹತ್ತಿರ ಹೋದೆ. ಮುಂಗೈಗೆ ಸೋಪು ಹಚ್ಚಿದೆ. ಮದುವೆಯಾದ ಮೇಲೆ ದಪ್ಪಗಾದ ಕೈ. ಬಳೆಗಳು ಒಂದೊಂದಾಗಿ ಗೆಣ್ಣು ದಾಟುವಾಗ ಪ್ರಾಣ ಹೋದಂತಾಯಿತು. ಒಂದನ್ನೂ ಒಡೆಯಲು ಬಿಡಲಿಲ್ಲ. ಕರಿಬಸವ್ವನ ಸೆರಗಿನಲ್ಲಿ ಹಾಕಿದೆ. ಅವಳು ಅವನ್ನು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಒಳಗೆ ಅವರ ಬಲಸೊಂಟಕ್ಕೆ ಕೈ ಹಚ್ಚಿದೆ. ಗಂಟು ಅಲ್ಲೇ ಇತ್ತು, ಹಳೆಯ ನೆಂಟನ ಹಾಗೆ. ಅದರ ಕೆಳಗೆ ಎರಡು ಬೆರಳಗಲ ಬೇರೆಯೇ ಇತ್ತು: ಬಿಸಿ, ಹಸಿ ಗೋಡೆಯಂತೆ ಬಿಗಿ. ಕಣ್ಣಿಗೆ ಏನೂ ಕಾಣಲಿಲ್ಲ, ಕಪ್ಪಿನ ಮೇಲೆ ಕಪ್ಪು. "ಇದು ನಮ್ಮದಲ್ಲ, ಹೊಸದು" ಎಂದೆ. ಭರಮಪ್ಪ ಬೇರೆ ಪ್ರಶ್ನೆ ಕೇಳದೆ ಬಲಮಗ್ಗುಲು ಬಿಡಿಸಿದ. ಎಡಕ್ಕೆ ಅರ್ಧ ವಾಲಿಸಿ, ದಿಂಬು ಕೊಟ್ಟು, ಟೊಂಕ ಹಾಸಿಗೆಗೆ ತಾಗದಂತೆ ಎತ್ತಿಟ್ಟರು. ಚರ್ಮ ಬಾಯಿ ಬಿಡಲಿಲ್ಲ. ದಿನಾ ಮುಟ್ಟಿ ನೋಡಿದೆ, ಬಿಗಿ ಸಡಿಲವಾಯಿತು, ಬಿಸಿ ಇಳಿಯಿತು.

ಅವರು ಕಣ್ಣು ಬಿಟ್ಟಾಗ ನನ್ನ ಕೈ ಅವರ ಮುಖದ ಮುಂದೆಯೇ ಇತ್ತು. ಕೊಳವೆ ಇದ್ದುದರಿಂದ ಮಾತಿಲ್ಲ. ನನ್ನ ಬೋಳು ಮುಂಗೈಯನ್ನು ನೋಡಿದರು, ನನ್ನ ಮುಖ ನೋಡಿದರು, ಕಣ್ಣಿಂದ ಧಾರಾಕಾರ ನೀರು. ತಾವು ಸತ್ತುಹೋಗಿದ್ದೇವೆಂದು ತಿಳಿದರು! ತೋಳು ಚಿವುಟಿದೆ. ಹುಬ್ಬು ಗಂಟಿಕ್ಕಿದರು. "ಸತ್ತೋರಿಗೆ ನೋವಾಗಲ್ಲ, ಸುಮ್ನೆ ಮಲಕ್ಕೊಳ್ರಿ" ಎಂದೆ. ಕಿಟಕಿಯ ಗಾಜಿನಾಚೆ ನಿಂತ ಕರಿಬಸವ್ವ ಸೆರಗಿನ ಗಂಟು ಬಿಚ್ಚಿ ಬಳೆಗಳನ್ನು ಆಡಿಸಿ ತೋರಿಸಿದಳು.

ಈಗ ಅವರು ಮನೆಯಲ್ಲಿದ್ದಾರೆ, ಎಡಮಗ್ಗುಲಿಗೇ ಮಲಗುತ್ತಾರೆ. ಬಳೆ ಮತ್ತೆ ನನ್ನ ಕೈಯಲ್ಲಿವೆ. ನಿನ್ನಲ್ಲಿ ನನ್ನದೊಂದು ಕೋರಿಕೆ. ಬಾಗಿಲು ತೆರೆದು ಸಿಸ್ಟರ್ ಹೊರಗೆ ಬಂದಾಗ ಎದ್ದು ನಿಲ್ಲು, ಕ್ಯಾರಿಯರ್ ಕೆಳಗಿಡು. ಇವರು ಯಾವ ಮಗ್ಗುಲಿಗೆ ಮಲಗುವವರು, ಎಲ್ಲಿ ಹಳೆಯ ಏಟಿದೆ, ಎಲ್ಲಿ ಮೂಳೆ ಎದ್ದಿದೆ ಎಂದು ಹೇಳು. ಕೆಂಪು ಹುಡುಕಬೇಡಿ, ಮುಟ್ಟಿ ನೋಡಿ ಎಂದು ಹೇಳು. ಒಳಗೆ ಬಿಡದಿದ್ದರೂ ನಿನ್ನ ಕೈಗೆ ಗೊತ್ತಿರುವುದು ಒಳಗೆ ಹೋಗಲಿ.

ನನ್ನ ಮಗ್ಗುಲ ಮಾತು ಇನ್ನೂ ಬಾಕಿ ಇತ್ತು, ಹದಿನಾರು ವರ್ಷದಿಂದ ಮುಂದೂಡಿಕೊಂಡು ಬಂದಿದ್ದೆ. ಇವತ್ತು ಬೆಳಿಗ್ಗೆ ಹೋಗಿ ಹೇಳಿ ಬಂದೆ. ಯಾರ ಹೆಸರೆಂದು ಮನೆಯವರು ಮಧ್ಯಾಹ್ನದಿಂದ ನನ್ನ ಹಿಂದೆ ಮುಂದೆ ಸುಳಿಯುತ್ತಿದ್ದಾರೆ, ನಾನು ರೊಟ್ಟಿ ತಟ್ಟುತ್ತಾ ಸುಮ್ಮನಿದ್ದೇನೆ. ನಿನಗೆ ಹೇಳಿದರೆ ಅವರ ಕಿವಿಗೆ ಬೀಳುವ ಭಯವಿಲ್ಲ: ಕರಿಬಸವ್ವನದು. ಅವಳ ಕೈ ಬೆಚ್ಚಗಿದೆ. ಅದೂ ಅಲ್ಲದೆ, ಅವರೂ ಒಂದು ಸಲ ಆ ಗಾಜಿಗೆ ಹಣೆ ಹಚ್ಚಿ ನಿಲ್ಲಲಿ.

ಇಂತಿ,
ಹಾಲಮ್ಮ